ಲೆಜೆಂಡ್ ಆಫ್ ಗ್ರಿಮ್‌ರಾಕ್: ಒಂದೊಂದೇ ಚೌಕ ಇಳಿಯುವ ಆಟ

ಫಿನ್‌ಲ್ಯಾಂಡಿನ ಆಲ್‌ಮೋಸ್ಟ್ ಹ್ಯೂಮನ್ ಎಂಬ ಪುಟ್ಟ ತಂಡವು 2012ರಲ್ಲಿ ಬಿಡುಗಡೆ ಮಾಡಿದ ಈ ಕಂಪ್ಯೂಟರ್ ಗೇಮ್‌ನಲ್ಲಿ ನಾಲ್ವರು ಕೈದಿಗಳನ್ನು ಬೆಟ್ಟದ ತುದಿಯಿಂದ ಅದರ ಒಡಲೊಳಕ್ಕೆ ತಳ್ಳಲಾಗುತ್ತದೆ. ಪಾರಾಗಬೇಕಾದರೆ ಅವರು ಅಂತಸ್ತಿನಿಂದ ಅಂತಸ್ತಿಗೆ ಇಳಿಯುತ್ತಲೇ ಹೋಗಬೇಕು. ಕಥೆ ತೆಳುವಾದುದೇ, ಆದರೆ ಈ ಆಟಕ್ಕೆ ಅಷ್ಟು ಸಾಕು.

ಇದರ ನಿಜವಾದ ಸೊಗಸಿರುವುದು ನಡಿಗೆಯಲ್ಲಿ. 1987ರ ‘ಡಂಜನ್ ಮಾಸ್ಟರ್’ ಆಟದ ಮಾದರಿಯಲ್ಲಿ ಇಲ್ಲಿನ ನೆಲವೆಲ್ಲ ಚೌಕಗಳಾಗಿ ಹಂಚಿಹೋಗಿದ್ದು, ನಾಲ್ವರೂ ಒಟ್ಟಾಗಿ ಒಂದೊಂದೇ ಚೌಕದಷ್ಟು ಸಾಗುತ್ತಾರೆ ಮತ್ತು ಲಂಬಕೋನದಲ್ಲಷ್ಟೇ ತಿರುಗುತ್ತಾರೆ. ಹಾಗೆಂದು ಶತ್ರುಗಳು ಚದುರಂಗದವರಂತೆ ತಮ್ಮ ಸರದಿಗಾಗಿ ಕಾಯುವುದಿಲ್ಲ. ಸಾಲುಗಟ್ಟಿ ಬರುವ ಅಸ್ಥಿಪಂಜರಗಳ ಎದುರಿನಲ್ಲಿ ನಿಂತು, ಒಂಬತ್ತು ಚಿಹ್ನೆಗಳ ಫಲಕದಿಂದ ಮಂತ್ರಕ್ಕೆ ಬೇಕಾದವನ್ನು ಆಯ್ದು ಒತ್ತುವಾಗ ಬೆರಳುಗಳು ತಡವರಿಸುವುದು ಖಂಡಿತ. ಪಂಜು ಉರಿದು ಮುಗಿಯುತ್ತದೆ, ಹೊಟ್ಟೆ ಹಸಿಯುತ್ತದೆ. ಹೀಗಾಗಿ ಒಗಟಿನ ಮುಂದೆ ನಿಂತು ಯೋಚಿಸುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಕಲ್ಲಿಟ್ಟರೆ ತೆರೆಯುವ ಬಾಗಿಲು, ಗೋಡೆಯ ಇಟ್ಟಿಗೆಗಳ ನಡುವೆ ಅಡಗಿದ ಒತ್ತುಗುಂಡಿ ಇವೆಲ್ಲ ಕಣ್ಣೆದುರೇ ಇದ್ದೂ ಕಾಣದಿರುವುದರಿಂದ, ಬಿಡಿಸಿದಾಗಿನ ಸಂತೋಷ ಪೂರ್ತಿ ನಮ್ಮದೇ ಆಗಿರುತ್ತದೆ.

ಕೊರತೆಯಿರುವುದು ಕಾಳಗದಲ್ಲಿ. ವಿಶಾಲವಾದ ಕೋಣೆಯಲ್ಲಿ ಶತ್ರುವಿನ ಸುತ್ತ ಪಕ್ಕಕ್ಕೆ ಸರಿಯುತ್ತ ಹೊಡೆಯುವ ಉಪಾಯ ಒಮ್ಮೆ ಕೈಗೆ ಹತ್ತಿತೆಂದರೆ ಹಲವು ಹೋರಾಟಗಳು ಸಪ್ಪೆಯಾಗುತ್ತವೆ. ಸುಳಿವುಗಳು ಇಂಗ್ಲಿಷಿನಲ್ಲಿರುವುದರಿಂದ ಚಿಕ್ಕ ಮಕ್ಕಳಿಗೆ ಕಷ್ಟವಾದೀತು. ತಾಳ್ಮೆಯುಳ್ಳವರು ತಾನಾಗಿ ಮೂಡುವ ನಕ್ಷೆಯನ್ನು ತೆಗೆದುಹಾಕುವ ‘ಓಲ್ಡ್ ಸ್ಕೂಲ್’ ಆಯ್ಕೆಯನ್ನು ಆರಂಭದಲ್ಲೇ ಆರಿಸಿಕೊಂಡು, ಗ್ರಾಫ್ ಹಾಳೆಯ ಮೇಲೆ ದಾರಿಯನ್ನು ತಾವೇ ಗುರುತಿಸುತ್ತ ಆಡುವುದು ಒಳ್ಳೆಯದು.