ಇಗ್ವಾನಾ ಗೂಡಿನ ಸಾಮಾನು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಇಗ್ವಾನಾ ಮರಿಯ ಜೊತೆ ಅಂಗಡಿಯವರು ಕೊಡುವ ಎರಡಡಿ, ಮೂರಡಿಯ ಗಾಜಿನ ತೊಟ್ಟಿ ಹೆಚ್ಚೆಂದರೆ ಮೊದಲ ವರ್ಷಕ್ಕೆ ಸಾಕು. ಹಸಿರು ಇಗ್ವಾನಾ ಬೆಳೆದು ನಿಂತರೆ ಬಾಲ ಸೇರಿ ಐದಾರು ಅಡಿ ಉದ್ದ, ನಾಲ್ಕೈದು ಕಿಲೋ ತೂಕ. ಸರಿಯಾಗಿ ಸಾಕಿದರೆ ಹದಿನೈದು ವರ್ಷ ಬದುಕಬಲ್ಲದು. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಹೊಳೆದಂಡೆಯ ಮರಗಳ ಮೇಲೆ ದಿನ ಕಳೆಯುವ ಪ್ರಾಣಿ ಇದು. ಹಾಗಾಗಿ ಗೂಡಿಗೆ ಅಗಲದ ಜೊತೆ ಎತ್ತರವೂ ಬೇಕು. ಆ ಅಳತೆಯ ಗೂಡು ಇಲ್ಲಿ ಸಿದ್ಧವಾಗಿ ಸಿಗುವುದು ಅಪರೂಪ, ಬಡಗಿಯನ್ನು ಹಿಡಿದು ಮಾಡಿಸುವುದೇ ದಾರಿ. ಅದಕ್ಕೆ ಬೆಂಗಳೂರಿನಲ್ಲಿ ಸಿಗುವ ಸಾಮಾನುಗಳನ್ನು ಇಲ್ಲಿ ಒಂದೊಂದಾಗಿ ತೂಗಿ ನೋಡಿದ್ದೇವೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಕೈಯಲ್ಲಿರುವ ದುಡ್ಡಿನ ಅರ್ಧ ಭಾಗವನ್ನು ದೀಪ, ಶಾಖ ಮತ್ತು ಅವುಗಳ ನಿಯಂತ್ರಣಕ್ಕೆ ಎತ್ತಿಡಿ. ಬಹಳ ಜನ ಲ್ಯಾಮಿನೇಟು, ಪಾಲಿಶ್ಶು, ದಪ್ಪ ಗಾಜಿಗೆಲ್ಲ ಸುರಿದು ಕೊನೆಗೆ ಯುವಿಬಿ ಟ್ಯೂಬಿನ (ಮೂಳೆ ಗಟ್ಟಿಯಾಗಲು ಬೇಕಾದ ನೇರಳಾತೀತ ಕಿರಣ ಕೊಡುವ ದೀಪದ) ಮುಂದೆ ಚೌಕಾಸಿಗೆ ನಿಲ್ಲುತ್ತಾರೆ. ನೋಡುವವರಿಗೆ ಗೂಡು ಚಂದ, ಒಳಗಿರುವ ಪ್ರಾಣಿಗೆ ಮೂಳೆ ಮೆತ್ತಗಾಗುವ ಕಾಯಿಲೆ.

ಬಡಗಿಗೆ ಮುಂಗಡ ಕೊಡುವ ಮೊದಲು ಕಾಗದಪತ್ರ ನೋಡಿಕೊಳ್ಳಿ. ಇಗ್ವಾನಾ ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಮತ್ತು 2024ರ ನೋಂದಣಿ ನಿಯಮಗಳ ಪ್ರಕಾರ ಇಂಥ ಪ್ರಾಣಿ ನಿಮ್ಮ ಬಳಿ ಇದ್ದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಾಯಿಸಬೇಕು. ಕೈ ಬದಲಾದರೂ, ಮರಿಯಾದರೂ ತಿಳಿಸಬೇಕು. ಮಾರುವವರು ಕಾಗದ ಕೊಡುವುದಿಲ್ಲ ಅಂದರೆ ಪ್ರಾಣಿಯೂ ಬೇಡ, ಗೂಡೂ ಬೇಡ.

ಅಳತೆಯ ವಿಷಯದಲ್ಲಿ ಒಂದು ಲೆಕ್ಕ ತಪ್ಪದೆ ಹಾಕಿ. ಆರಡಿ ಅಗಲ, ಆರಡಿ ಎತ್ತರ, ಮೂರಡಿ ಆಳ ಎಂಬುದು ಬೆಳೆದ ಇಗ್ವಾನಾಗೆ ಕನಿಷ್ಠ ಎಂದು ಎಲ್ಲೆಡೆ ಹೇಳುವ ಮಾತು. ನಮ್ಮಲ್ಲಿ ಹಲಗೆ ಬರುವುದು ಎಂಟಡಿಗೆ ನಾಲ್ಕಡಿ ಶೀಟಿನಲ್ಲಿ. ಬೆನ್ನಿನ ಒಂದು ಕೂಡು ಬಿಟ್ಟರೆ ಬೇರೆ ತೇಪೆ ಹಾಕದೆ ಈ ಕನಿಷ್ಠ ಗೂಡು ಮಾಡಲು ಆರು ಶೀಟು ಬೇಕು: ಎರಡು ಪಕ್ಕಕ್ಕೆ ಎರಡು, ನೆಲಕ್ಕೊಂದು, ಮಾಡಿಗೊಂದು (ಮೇಲ್ಛಾವಣಿಗೆ), ಬೆನ್ನಿಗೆ ಒಂದೂವರೆ. ಅದೇ ಆರು ಶೀಟಿನಲ್ಲಿ ಎಂಟಡಿ ಅಗಲ, ನಾಲ್ಕಡಿ ಆಳ, ಆರಡಿ ಎತ್ತರದ ಗೂಡು ಬರುತ್ತದೆ! ನೆಲ, ಮಾಡು ಇಡೀ ಶೀಟು. ಪಕ್ಕಗಳು ಆರಕ್ಕೆ ನಾಲ್ಕು. ಬೆನ್ನಿಗೆ ಒಂದು ಪೂರ್ತಿ, ಒಂದು ಅರ್ಧ. ಉಳಿದ ಎಂಟಕ್ಕೆ ಎರಡಡಿ ತುಂಡನ್ನು ಸೀಳಿದರೆ ಮುಂಭಾಗದ ಚೌಕಟ್ಟು, ಪಕ್ಕಗಳಿಂದ ಉಳಿದ ಎರಡು ತುಂಡುಗಳಲ್ಲಿ ಅಟ್ಟಣಿಗೆ. ಜಾಗವಿದ್ದೂ ಚಿಕ್ಕದು ಮಾಡಿಸಿದರೆ ಉಳಿಯುವುದು ಬರೀ ತುಂಡುಗಳು. ಆದರೆ ನಾಲ್ಕಡಿ ಆಳದ ಪೆಟ್ಟಿಗೆ ಮೂರಡಿ ಬಾಗಿಲಲ್ಲಿ ತೂರುವುದಿಲ್ಲ. ಹಲಗೆಗಳನ್ನು ಹೊರಗೆ ಕತ್ತರಿಸಿ ತಂದು ಕೋಣೆಯೊಳಗೇ ಜೋಡಿಸಬೇಕು; ಮುಂದೆ ಮನೆ ಬದಲಿಸುವಾಗ ಬಿಚ್ಚಲು ಬರುವಂತೆ ಒಳಮೂಲೆಗಳಲ್ಲಿ ಅಲ್ಯೂಮಿನಿಯಂ ಎಲ್-ಆಂಗಲ್ ಕೊಟ್ಟು ನಟ್ಟು-ಬೋಲ್ಟು ಹಾಕಿಸಿ.

ಹಲಗೆ ಯಾವುದು? ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಎಲ್ಲವೂ ಸಿಗುತ್ತವೆ. ಪ್ಲೈವುಡ್ಡೇ ಬೇಕೆಂದರೆ ಐಎಸ್ 710 ಗುರುತಿನ ಮರೈನ್ ದರ್ಜೆ, 18 ಮಿ.ಮೀ. ಅದಕ್ಕಿಂತ ಅಗ್ಗದ್ದು ಶೇ 70ರ ತೇವಾಂಶದಲ್ಲಿ ಅಂಚಿನಿಂದ ಉಬ್ಬಲು ಶುರುವಾಗುತ್ತದೆ. ಮರೈನ್ ಹಲಗೆಗೂ ಕತ್ತರಿಸಿದ ಅಂಚಿಗೆ ಮೂರು ಕೋಟು ನೀರು ಆಧಾರಿತ ಪಿಯು (ಪಾಲಿಯುರಿಥೇನ್) ವಾರ್ನಿಶ್ ಬಳಿದು, ವಾಸನೆ ಪೂರ್ತಿ ಹೋಗುವ ತನಕ ಎರಡು ಮೂರು ವಾರ ಬಿಡಲೇಬೇಕು. ಗೆದ್ದಲಿನ ಕಾಟ ಬೇರೆ. ಪಿವಿಸಿ ಫೋಮ್ ಹಲಗೆಗೆ ಈ ಯಾವ ರಗಳೆಯೂ ಇಲ್ಲ: ನೀರು ಕುಡಿಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಶಾಖವನ್ನು ಒಳಗೇ ಹಿಡಿದಿಡುತ್ತದೆ. ಅದರ ದೋಷ ಎರಡು. ಸ್ಕ್ರೂ ಹಿಡಿತ ಕಡಿಮೆ, ಮತ್ತು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯೂಪಿಸಿ ಹಲಗೆ ಇವೆರಡರ ನಡುವಿನದು. ತೂಕ ಹೆಚ್ಚು, ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಆಯ್ಕೆ: ನೆಲಕ್ಕೂ ಚೌಕಟ್ಟು ಸೀಳುವ ಶೀಟಿಗೂ 18 ಮಿ.ಮೀ. ಡಬ್ಲ್ಯೂಪಿಸಿ, ಮಿಕ್ಕ ಗೋಡೆ ಮತ್ತು ಮಾಡಿಗೆ ಅಷ್ಟೇ ದಪ್ಪದ ಪಿವಿಸಿ ಫೋಮ್. ಎಂಟಡಿ ಮಾಡು ನಡುವೆ ಜೋಲದಂತೆ ಅಡ್ಡಕ್ಕೆ ಎರಡು ಅಲ್ಯೂಮಿನಿಯಂ ಪೈಪು ಕೊಡಿ, ದೀಪಗಳ ಭಾರವೂ ಅವುಗಳ ಮೇಲೇ ಬೀಳಲಿ. ಸಂದುಗಳಿಗೆ ಸಿಲಿಕೋನ್ ತುಂಬುವಾಗ ಬಚ್ಚಲುಮನೆಗೆ ಮಾರುವ, ಬೂಷ್ಟು ತಡೆಯುವ ಮದ್ದು ಬೆರೆತ ಟ್ಯೂಬು ಬೇಡ. ಅಕ್ವೇರಿಯಂಗೆ ಬಳಸುವುದನ್ನೇ ಕೇಳಿ.

ಬಾಗಿಲಿಗೆ 6 ಮಿ.ಮೀ. ಟಫನ್ಡ್ ಗಾಜು ಸರಿ, ಆದರೆ ಭಾರ ಲೆಕ್ಕಕ್ಕಿರಲಿ. ನಾಲ್ಕಡಿಗೆ ಮೂರಡಿಯ ಗಾಜಿನ ಬಾಗಿಲು ಒಂದೊಂದೂ ಹದಿನೇಳು ಕಿಲೋ ಹತ್ತಿರ. ಜಾರುವ ಪಟ್ಟಿ ಗಟ್ಟಿ ಇರಬೇಕು. ಟಫನ್ ಆದ ಗಾಜನ್ನು ಮತ್ತೆ ಕತ್ತರಿಸಲು, ತೂತು ಹಾಕಲು ಬರುವುದಿಲ್ಲ, ಆದ್ದರಿಂದ ಚೌಕಟ್ಟು ನಿಂತ ಮೇಲೆ ಅಳತೆ ತೆಗೆಸಿ. 3 ಮಿ.ಮೀ. ಅಕ್ರಿಲಿಕ್ ಅಗ್ಗ, ಶಾಖಕ್ಕೆ ಬಾಗುತ್ತದೆ, ಉಗುರಿಗೆ ಗೀಚುತ್ತದೆ. ಸೊಳ್ಳೆ ಪರದೆಯ ಜಾಲರಿಯಂತೂ ಬೇಡವೇ ಬೇಡ: ಇಗ್ವಾನಾ ಮೂಗು ತಿಕ್ಕಿ ಗಾಯ ಮಾಡಿಕೊಳ್ಳುತ್ತದೆ, ಉಗುರು ಸಿಕ್ಕಿ ಬೆರಳು ಮುರಿಯುತ್ತದೆ. ಗಾಜಿನಲ್ಲೂ ಮೂಗು ತಿಕ್ಕುವುದುಂಟು. ಕೆಳಗಿನ ಒಂದಡಿಗೆ ಮಬ್ಬು ಸ್ಟಿಕರ್ ಅಂಟಿಸಿದರೆ ಕಡಿಮೆಯಾಗುತ್ತದೆ.

ಇನ್ನು ದೀಪ. ದುಡ್ಡು ಹೆಚ್ಚು ಪೋಲಾಗುವುದು ಇಲ್ಲೇ. ಇಗ್ವಾನಾಗೆ ಬೇಕಾದದ್ದು ತೆಳು ಕೊಳವೆಯ, ಹೆಚ್ಚು ಪ್ರಖರವಾದ ಟಿ5 ಎಚ್‌ಓ ಯುವಿಬಿ ಟ್ಯೂಬು, 10.0 ಅಥವಾ ಶೇ 12 ಎಂದು ಬರೆದದ್ದು, ಹಿಂದೆ ಹೊಳಪಿನ ರಿಫ್ಲೆಕ್ಟರ್ ಇರುವಂಥದ್ದು. 54 ವ್ಯಾಟಿನದು ನಾಲ್ಕಡಿಗೆ ಸ್ವಲ್ಪ ಕಡಿಮೆ ಉದ್ದ. ಎಂಟಡಿ ಗೂಡಿನ ಒಂದು ಅರ್ಧಕ್ಕೆ ಸರಿಯಾಗಿ ಕೂರುತ್ತದೆ, ಇನ್ನರ್ಧ ನೆರಳಾಗಿ ಉಳಿಯುತ್ತದೆ, ಎರಡೂ ಬೇಕು. ಬಲ್ಬಿನಾಕಾರದ 26 ವ್ಯಾಟಿನ ಕಾಂಪ್ಯಾಕ್ಟ್ ಯುವಿಬಿ ಅರ್ಧ ಮೀಟರ್ ದಾಟುವಷ್ಟರಲ್ಲಿ ನಿಶ್ಶಕ್ತ. ಅದರ ಬೆಳಕು ಬೀಳುವುದೂ ಅಂಗೈಯಗಲಕ್ಕೆ, ಐದಡಿ ಪ್ರಾಣಿಗೆ ಅದು ಯಾವ ಮೂಲೆಗೆ? ಎಸ್.ಪಿ. ರಸ್ತೆಯಲ್ಲಿ ಟಿ5 ಫಿಟಿಂಗ್ ಕೇಳಿದರೆ ಕೈಗಿಡುವುದು ಹೆಚ್ಚಾಗಿ ಎಲ್‌ಇಡಿ ಪಟ್ಟಿ, ಅದರೊಳಗೆ ಟ್ಯೂಬಿಗೆ ಕರೆಂಟು ಹದಮಾಡಿ ಕೊಡುವ ಬ್ಯಾಲಸ್ಟೇ ಇಲ್ಲ. 54 ವ್ಯಾಟ್ ಟಿ5 ಎಚ್‌ಓ ಎಲೆಕ್ಟ್ರಾನಿಕ್ ಬ್ಯಾಲಸ್ಟ್ ಎಂದು ಬಿಡಿಸಿ ಹೇಳಿ. ಕೊರೊನಾ ನಂತರ ಮಾರುಕಟ್ಟೆ ತುಂಬಿದ ಕ್ರಿಮಿನಾಶಕ ಯುವಿಸಿ ಟ್ಯೂಬು ನೋಡಲು ಹಾಗೇ ಇದ್ದರೂ ಅದು ಕಣ್ಣು, ಚರ್ಮ ಸುಡುವ ಸಾಮಾನು.

ಟ್ಯೂಬಿಗೂ ಪ್ರಾಣಿಯ ಬೆನ್ನಿಗೂ 35ರಿಂದ 40 ಸೆಂ.ಮೀ. ಅಂತರ ಇರಲಿ. ಅಳೆಯಬೇಕಾದದ್ದು ಬೆನ್ನಿಗೆ, ಹಲಗೆಗಲ್ಲ. 183 ಸೆಂ.ಮೀ. ಒಳ ಎತ್ತರದಲ್ಲಿ ಫಿಟಿಂಗಿಗೆ 8, ಅಂತರಕ್ಕೆ 38, ಮಲಗಿದ ಪ್ರಾಣಿಯ ಎತ್ತರ 12 ಕಳೆದರೆ ಬಿಸಿಲು ಕಾಯುವ ಅಟ್ಟಣಿಗೆ ನೆಲದಿಂದ 125 ಸೆಂ.ಮೀ.ಗೆ ಬರುತ್ತದೆ. ಮೊದಲು ಅಟ್ಟಣಿಗೆ ಹೊಡೆದು ಆಮೇಲೆ ದೀಪ ಎಲ್ಲಿಗೆ ಎಂದು ಯೋಚಿಸಿದರೆ ಈ ಲೆಕ್ಕ ಕೂಡುವುದೇ ಇಲ್ಲ. ಸೋಲಾರ್‌ಮೀಟರ್ 6.5 (ಯುವಿ ಅಳೆಯುವ ಮಾಪಕ) ಯಾರದ್ದಾದರೂ ಎರವಲು ಸಿಕ್ಕರೆ ಅಲ್ಲಿ ಯುವಿ ಸೂಚ್ಯಂಕ 3ರಿಂದ 5ರೊಳಗೆ ತೋರಬೇಕು. ಗಾಜು, ಮಾಮೂಲಿ ಅಕ್ರಿಲಿಕ್ ಮೂಲಕ ಯುವಿಬಿ ದಾಟುವುದಿಲ್ಲ; ಸಣ್ಣ ಕಣ್ಣಿನ ಜಾಲರಿ ಮೂರನೇ ಒಂದು ಭಾಗ ನುಂಗುತ್ತದೆ. ಕಾವಲಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಸಾಕು. ವರ್ಷಕ್ಕೊಮ್ಮೆ ಟ್ಯೂಬು ಬದಲಿಸಿ, ಉರಿಯುತ್ತಿದ್ದರೂ ಸರಿ. ಕಣ್ಣಿಗೆ ಕಾಣುವ ಬೆಳಕು ಹಾಗೇ ಇರುತ್ತದೆ, ಯುವಿಬಿ ಇಳಿದಿರುತ್ತದೆ.

ಶಾಖಕ್ಕೆ ಹ್ಯಾಲೊಜನ್. ಬಿಸಿಲು ಕಾಯುವ ಜಾಗದ ಮೇಲ್ಮೈ 35ರಿಂದ 38 ಡಿಗ್ರಿ, ತಂಪು ಬದಿ 26–27, ರಾತ್ರಿ 24ಕ್ಕಿಂತ ಇಳಿಯಬಾರದು. ಒಂದೇ 150 ವ್ಯಾಟ್ ಸ್ಪಾಟ್ ಹಾಕಿದರೆ ಬೆನ್ನ ಮೇಲೆ ರೂಪಾಯಿಯಗಲ ಸುಟ್ಟು, ಮಿಕ್ಕ ಮೈ ತಣ್ಣಗಿರುತ್ತದೆ. ಮೈ ಕಾಯಲಿಲ್ಲ ಎಂದು ಪ್ರಾಣಿ ಅಲ್ಲೇ ಕೂತಿರುತ್ತದೆ, ಗಾಯ ಆಳವಾಗುತ್ತದೆ. 50 ವ್ಯಾಟಿನ ಜಿಯು10 ಹ್ಯಾಲೊಜನ್ ಬಲ್ಬು ಮೂರನ್ನು ಸಾಲಾಗಿ, 15 ಸೆಂ.ಮೀ. ಬಿಟ್ಟು ಹಾಕಿ. ಅಲ್ಯೂಮಿನಿಯಂ ಬೆನ್ನಿನದ್ದೇ ಕೇಳಿ: ಬಣ್ಣ ಮಿನುಗುವ ಗಾಜಿನ ಬೆನ್ನಿನ ಡೈಕ್ರೋಯಿಕ್ ಬಲ್ಬು ಶಾಖವನ್ನು ಹಿಂದಕ್ಕೆ, ಅಂದರೆ ನಿಮ್ಮ ಪಿವಿಸಿ ಮಾಡಿಗೆ ಕಳಿಸುತ್ತದೆ. ಹೋಲ್ಡರ್ ಪಿಂಗಾಣಿಯದ್ದು, ಬೇಕಲೈಟ್ ಅಲ್ಲ. ಶಾಖ ಹೊಂದಿಸಲು ಲೈಟ್ ಡಿಮ್ಮರ್ ಬಳಸಿ. ಫ್ಯಾನ್ ರೆಗ್ಯುಲೇಟರ್ ಇದಕ್ಕಲ್ಲ. ಬಿಸಿ ಕಲ್ಲು ಎಂದು ಮಾರುವ ಕರೆಂಟಿನ ಕಲ್ಲಿಗೆ ಶೂನ್ಯ ಅಂಕ, ಹೊಟ್ಟೆ ಸುಟ್ಟ ಇಗ್ವಾನಾಗಳನ್ನು ಪಶುವೈದ್ಯರು ನೋಡುವುದು ಅದರಿಂದಲೇ.

ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15–16 ಡಿಗ್ರಿಗೆ ಇಳಿಯುವುದರಿಂದ ಬೆಳಕಿಲ್ಲದ 150 ವ್ಯಾಟ್ ಸೆರಾಮಿಕ್ ಹೀಟರ್ ಬೇಕು, ಸುತ್ತ ಲೋಹದ ಪಂಜರ ಸಮೇತ. ಅದಕ್ಕೆ ಥರ್ಮೋಸ್ಟಾಟ್ (ತಾಪ ನೋಡಿ ಹೀಟರನ್ನು ತಾನೇ ಹೊತ್ತಿಸಿ ಆರಿಸುವ ಸಾಧನ): 230 ವೋಲ್ಟಿನ ಎಸ್‌ಟಿಸಿ-1000, ಕೊಟ್ಟ ಬೆಲೆಗೆ ಈ ಪಟ್ಟಿಯಲ್ಲೇ ಉತ್ತಮ ಸಾಮಾನು. ಕೂಡಿಸಿದ ಮೇಲೆ ಹೀಟರ್ ಹೊತ್ತುತ್ತಿಲ್ಲ ಎಂಬ ದೂರು ಸಾಮಾನ್ಯ. ಅದರ ರಿಲೇ ಬರೀ ಸ್ವಿಚ್ಚು, ತಾನಾಗಿ ಕರೆಂಟು ಕೊಡುವುದಿಲ್ಲ. ಫೇಸಿನಿಂದ ಹೀಟಿಂಗ್ ಟರ್ಮಿನಲ್ಲಿಗೆ ಒಂದು ತುಂಡು ವೈರು ಎಳೆಯಬೇಕು, ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಹೊತ್ತುವ, ಆರುವ ತಾಪಗಳ ವ್ಯತ್ಯಾಸದ ಸೆಟ್ಟಿಂಗ್ 1 ಡಿಗ್ರಿ ಇರಲಿ. ನಿಜವಾದ ಅಪಾಯ ಸೆನ್ಸರ್ ಜಾರಿ ತಣ್ಣಗಿನ ನೆಲಕ್ಕೆ ಬೀಳುವುದು, ಆಗ ಹೀಟರ್ ಆರುವುದೇ ಇಲ್ಲ. ಸೆನ್ಸರನ್ನು ಕ್ಲಿಪ್ಪು ಹಾಕಿ ಗೋಡೆಗೆ ಬಿಗಿದು, ಹೀಟರಿಗೆ ಹೋಗುವ ಅದೇ ಲೈನಿನಲ್ಲಿ 34 ಡಿಗ್ರಿಗೆ ಕರೆಂಟು ಕಡಿಯುವ ಎರಡನೇ ಥರ್ಮೋಸ್ಟಾಟ್ ಇಡಿ. ಹ್ಯಾಲೊಜನ್‌ಗಳನ್ನು ಇದಕ್ಕೆ ಕೂಡಿಸಬೇಡಿ, ಪದೇ ಪದೇ ಹೊತ್ತಿ ಆರಿ ಬೇಗ ಸಾಯುತ್ತವೆ. ಅವಕ್ಕೆ 12 ಗಂಟೆಯ ಟೈಮರ್ ಸಾಕು. ಇಡೀ ಗೂಡಿನ ಲೈನಿಗೆ, ಕರೆಂಟು ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಕಡ್ಡಾಯ, ಒಳಗೆ ನೀರು ಚಿಮ್ಮುತ್ತಿರುತ್ತದೆ. ಹೀಟರ್ ರಾತ್ರಿ ಅರ್ಧ ಹೊತ್ತು ಉರಿದರೆ ಎಲ್ಲ ಸೇರಿ ದಿನಕ್ಕೆ ಸುಮಾರು ಮೂರೂವರೆ ಯೂನಿಟ್, ತಿಂಗಳಿಗೆ ನೂರು ಯೂನಿಟ್ಟಿನ ಆಸುಪಾಸು.

ತೇವಾಂಶ ಶೇ 70 ದಾಟಬೇಕು, ಮಾರ್ಚ್ ಮಧ್ಯಾಹ್ನ ಬೆಂಗಳೂರಿನ ಗಾಳಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಸಿದ್ಧ ಮಿಸ್ಟಿಂಗ್ ಕಿಟ್ಟಿಗೆ ಬದಲು ಮನೆಯ ನೀರು ಶುದ್ಧೀಕರಣ ಯಂತ್ರದ ಬಿಡಿಭಾಗ ಮಾರುವ ಅಂಗಡಿಯಿಂದ 24 ವೋಲ್ಟಿನ ಆರ್‌ಓ ಬೂಸ್ಟರ್ ಪಂಪು, ಅಡಾಪ್ಟರ್, ಕಾಲಿಂಚು ಪೈಪು ತನ್ನಿ, ನಾಲ್ಕು ನಾಜಲ್ ಹಾಕಿ. ಕೆಲಸ ಅದೇ, ಖರ್ಚು ಕಡಿಮೆ, ಕೆಟ್ಟರೆ ಬೀದಿ ಕೊನೆಯಲ್ಲೇ ಬಿಡಿಭಾಗ. ಬೋರ್‌ವೆಲ್ ನೀರು ಬಿಟ್ಟರೆ ಸುಣ್ಣ ಕಟ್ಟಿ ನಾಜಲ್ ಮುಚ್ಚಿಹೋಗುತ್ತದೆ, ಆರ್‌ಓ ನೀರೇ ಇರಲಿ. ಟೈಮರ್ ಸೆಕೆಂಡಿನ ಲೆಕ್ಕದ್ದು ಬೇಕು: ಮುಳ್ಳು ತಿರುಗಿಸುವ ಟೈಮರಿನಲ್ಲಿ ಒಂದು ಹಲ್ಲು ಅಂದರೆ ಹದಿನೈದು ನಿಮಿಷ, ಅಷ್ಟು ಹೊತ್ತು ಚಿಮ್ಮಿದರೆ ಕೋಣೆಗೇ ನೀರು. ದಿನಕ್ಕೆ ನಾಲ್ಕೈದು ಸಲ, ಮೂವತ್ತು ಸೆಕೆಂಡು. ಮುಳ್ಳಿನ ತೇವಮಾಪಕವನ್ನು ನಂಬಬೇಡಿ. ಡಿಜಿಟಲ್ ತಂದು, ಒದ್ದೆ ಮಾಡಿದ ಅಡುಗೆ ಉಪ್ಪಿನ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಟ್ಟು ನೋಡಿ; 75 ತೋರಿಸಿದರೆ ಸರಿ ಇದೆ.

ಗಾಳಿಗೆ ಒಂದು ಪಕ್ಕದಲ್ಲಿ ಕೆಳಗೆ, ಎದುರು ಪಕ್ಕದಲ್ಲಿ ಮೇಲೆ ಕಿಂಡಿ. ಬಯಲುಸೀಮೆಯಲ್ಲಿ ಅವನ್ನು ಅರ್ಧ ಮುಚ್ಚುವ ಜಾರುತಟ್ಟೆ ಇರಲಿ. ಮಂಗಳೂರು, ಉಡುಪಿ ಕಡೆಯವರಿಗೆ ತೇವಾಂಶ ಪುಕ್ಕಟೆ ಸಿಗುತ್ತದೆ, ಅವರ ತಲೆನೋವು ಬೂಷ್ಟು. ಕಿಂಡಿ ದೊಡ್ಡದು ಮಾಡಿ 120 ಮಿ.ಮೀ. ಕಂಪ್ಯೂಟರ್ ಫ್ಯಾನ್ ಒಂದು ಹಾಕಿಸಲಿ. ಕೊಂಬೆಗೆ ಸೀಬೆ, ಮಾವು ಒಳ್ಳೆಯವು, ಪ್ರಾಣಿಯ ಮೈಯಷ್ಟಾದರೂ ದಪ್ಪದ್ದು, ಕಣಗಿಲೆ ಬೇಡ. ಕೊಂಬೆಯ ತುದಿಯನ್ನು ಫೋಮ್ ಹಲಗೆಗೆ ಸ್ಕ್ರೂ ಹೊಡೆದರೆ ಐದು ಕಿಲೋ ಪ್ರಾಣಿ ಹಾರಿದಾಗ ಕಿತ್ತುಬರುತ್ತದೆ, ಹಿಂದಿನಿಂದ ಡಬ್ಲ್ಯೂಪಿಸಿ ತುಂಡು ಕೊಟ್ಟು ಬೋಲ್ಟ್ ಮಾಡಿ.

ಎಲ್ಲ ಮುಗಿದ ಮೇಲೆ ಖಾಲಿ ಗೂಡನ್ನೇ ಒಂದು ವಾರ ಓಡಿಸಿ. ಬೆಳಗಿನ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಅಟ್ಟಣಿಗೆ, ನಡು, ನೆಲ ಮೂರರ ತಾಪವನ್ನೂ ಬರೆದಿಡಿ. ಮೇಲ್ಮೈಗೆ ಮಾತ್ರ ಇನ್‌ಫ್ರಾರೆಡ್ ಗನ್, ಗಾಳಿಗೆ ಸೆನ್ಸರಿನ ಮಾಪಕ. ಬೆಳಗಿನ ಜಾವ 24ಕ್ಕಿಂತ ಇಳಿಯುತ್ತಿದ್ದರೆ ದೊಡ್ಡ ಹೀಟರ್ ತರಲು ಓಡುವ ಮೊದಲು ಗಾಜಿನ ಬಾಗಿಲುಗಳ ನಡುವಿನ ಸಂದು ನೋಡಿ, ಹೆಚ್ಚಿನ ಶಾಖ ಸೋರುವುದು ಅಲ್ಲೇ, ಒಂದು ಬ್ರಶ್ ಪಟ್ಟಿಯಲ್ಲಿ ನಿಲ್ಲುತ್ತದೆ.