ಪೀ ಪಫರ್‌ಗೆ ಯಾವ ಬಸವನಹುಳು ಒಳ್ಳೇದು? ಮೂರನ್ನೂ ಸಾಕಿ ನೋಡಿದೆ

ಪೀ ಪಫರ್ ನಮ್ಮ ಪಶ್ಚಿಮ ಘಟ್ಟದ್ದೇ ಮೀನು. ಕೇರಳದ ಹೊಳೆಗಳಲ್ಲಿ, ದಕ್ಷಿಣ ಕರ್ನಾಟಕದ ಕೆಲವು ಕಡೆ ಇದೆ. ಉದ್ದ 3 ಸೆಂಟಿಮೀಟರ್ ಆಸುಪಾಸು ಅಷ್ಟೇ. ಆದರೆ ಒಣ ಆಹಾರ ಹಾಕಿದರೆ ಹೆಚ್ಚಿನವು ತಿರುಗಿಯೂ ನೋಡುವುದಿಲ್ಲ. ಬಸವನಹುಳು ಕಂಡರೆ ಮಾತ್ರ ಜೀವ ಬಂದಂತಾಗುತ್ತದೆ. ಅದಕ್ಕೇ ಬಕೆಟ್‌ಗಳಲ್ಲಿ ಮೂರು ಜಾತಿಯ ಬಸವನಹುಳು ಸಾಕಿದೆ: ಟ್ರಂಪೆಟ್, ಬ್ಲ್ಯಾಡರ್, ರ‍್ಯಾಮ್ಸ್‌ಹಾರ್ನ್.

ಟ್ರಂಪೆಟ್ ಬಸವನಹುಳುವಿನ ಮಾತು ಬೇಗ ಮುಗಿಸುತ್ತೇನೆ. ಇದು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಗಂಡು ಇಲ್ಲದೆಯೂ ಸಂತಾನ ಬೆಳೆಯುತ್ತದೆ. ಆದರೆ ಚಿಪ್ಪು ಕಲ್ಲಿನಂತೆ ಗಟ್ಟಿ, ಬಾಯಿಗೆ ಮುಚ್ಚಳ ಬೇರೆ. ಪಫರ್ ಹತ್ತಿರ ಹೋದರೆ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತದೆ. ಹಗಲಿಡೀ ಮರಳೊಳಗೇ ಇರುತ್ತದೆ. ಮರಳು ಕದಡುತ್ತಿರಲಿ ಅಂತ ಟ್ಯಾಂಕ್‌ನಲ್ಲಿ ಬಿಡಬಹುದು, ತಿಂಡಿಗೆ ಬೇಡ.

ಬ್ಲ್ಯಾಡರ್ ಬಸವನಹುಳುವನ್ನು ದುಡ್ಡು ಕೊಟ್ಟು ತರಬೇಕಿಲ್ಲ. ಅಂಗಡಿಯಿಂದ ತಂದ ಗಿಡದ ಜೊತೆ ತಾನೇ ಬರುತ್ತದೆ. ಚಿಪ್ಪಿನ ಸುರುಳಿ ಎಡಕ್ಕೆ ತಿರುಗಿರುತ್ತದೆ, ಗುರುತಿಸುವುದು ಸುಲಭ. ಒಂದೇ ಒಂದು ಹುಳು ಇದ್ದರೂ ಮೊಟ್ಟೆ ಇಟ್ಟು ಬಕೆಟ್ ತುಂಬಿಸಿಬಿಡುತ್ತದೆ. ಚಿಪ್ಪು ತೆಳು, ಮುಚ್ಚಳ ಇಲ್ಲ. ಮರಿ ಪಫರ್‌ಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬೆಳೆದ ಮೀನಿಗೆ ಮಾತ್ರ ಮಾಂಸ ಸಾಲದು.

ನನ್ನ ಆಯ್ಕೆ ರ‍್ಯಾಮ್ಸ್‌ಹಾರ್ನ್. ಬೆಳೆಯಲು ಬ್ಲ್ಯಾಡರ್‌ಗಿಂತ ಸ್ವಲ್ಪ ಜಾಸ್ತಿ ಸಮಯ ಬೇಕು, ಆದರೆ ಮಾಂಸ ಜಾಸ್ತಿ. ಪಫರ್ ತಿನ್ನುವುದನ್ನು ನೋಡಬೇಕು! ಒಂದು ಕಣ್ಣನ್ನು ಮಾತ್ರ ಹೊರಳಿಸಿ ಹುಳುವನ್ನು ದಿಟ್ಟಿಸುತ್ತದೆ. ನಿಂತಲ್ಲೇ ರೆಕ್ಕೆ ಆಡಿಸುತ್ತಾ ಕಾಯುತ್ತದೆ. ಹುಳುವಿನ ಮೀಸೆ ಹೊರಗೆ ಬಂದ ತಕ್ಷಣ ಕಚಕ್ ಅಂತ ಒಂದು ಕಡಿತ. ಪಫರ್ ಜಾತಿಯ ಹಲ್ಲು ಬೆಳೆಯುತ್ತಲೇ ಇರುತ್ತದೆ, ಚಿಪ್ಪು ಕಡಿದರೆ ಅದು ಸವೆಯುತ್ತದೆ.

ರ‍್ಯಾಮ್ಸ್‌ಹಾರ್ನ್ ಕೇಳುವುದು ಒಂದೇ, ಸುಣ್ಣದ ಅಂಶ. ಮೆದು ನೀರಿನಲ್ಲಿ ಚಿಪ್ಪು ಬೆಳ್ಳಗಾಗಿ ಗುಳಿ ಬೀಳುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ತೊಳೆದ ಮೊಟ್ಟೆ ಚಿಪ್ಪನ್ನೋ, ಲವ್ ಬರ್ಡ್ಸ್‌ಗೆ ಕೊಡುವ ಕಟಲ್ ಬೋನ್ ತುಂಡನ್ನೋ ಹಾಕಿ. ತಿನ್ನಲು ಬೇಯಿಸಿದ ಹೀರೇಕಾಯಿ ಸಿಪ್ಪೆ, ಪಾಲಕ್ ಸಾಕು. ಮಾರನೇ ದಿನ ಉಳಿದದ್ದನ್ನು ತೆಗೆದುಬಿಡಿ, ಇಲ್ಲದಿದ್ದರೆ ನೀರು ನಾರುತ್ತದೆ. ಸ್ಪಾಂಜ್ ಫಿಲ್ಟರ್ ಒಂದಿದ್ದರೆ ಕೆಲಸ ಅರ್ಧ ಕಮ್ಮಿ.

ತಾಮ್ರದ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ತಾಮ್ರದ ಬಿಂದಿಗೆಯ ನೀರಾಗಲಿ, ತಾಮ್ರವಿರುವ ಮೀನಿನ ಔಷಧಿಯಾಗಲಿ ಬಕೆಟ್ ಹತ್ತಿರವೂ ಬರಬಾರದು. ಹುಳು ಸಾಯುತ್ತವೆ. ಕೆರೆಯಿಂದ ಬಸವನಹುಳು ಹಿಡಿದು ತರುವುದೂ ಬೇಡ, ರೋಗದ ಹುಳುಗಳು ಜೊತೆಗೇ ಬರಬಹುದು. ಹಾಗೇ ಹೆಚ್ಚಾದವನ್ನು ಕೆರೆಗೆ ಬಿಡಬೇಡಿ, ಗೆಳೆಯರಿಗೆ ಕೊಡಿ.

ಈಗ ನನ್ನ ದೊಡ್ಡ ಬಕೆಟ್ ರ‍್ಯಾಮ್ಸ್‌ಹಾರ್ನ್‌ಗೆ, ಚಿಕ್ಕ ಡಬ್ಬ ಬ್ಲ್ಯಾಡರ್‌ಗೆ. ಮೀನಿಗೆ ಹಾಕುವಾಗ ಅದರ ಕಣ್ಣಿನಷ್ಟು ದಪ್ಪದ ಹುಳುಗಳನ್ನೇ ಆರಿಸಿ. ತಿಂದು ಬಿಟ್ಟ ಚಿಪ್ಪಿನಲ್ಲಿ ಮಾಂಸ ಉಳಿದಿದ್ದರೆ ಅದೇ ದಿನ ಎತ್ತಿ ಹೊರಗೆ ಹಾಕಿ.