ಮಂಡ್ಯದವರೇ, ಮೆಡಿಕಲ್ ಸ್ಟೋರ್ ಕೊಡೋ ಮಲೇರಿಯಾ ಚೀಟಿ ನಂಬಬೇಡಿ

ಮಂಡ್ಯದ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಮಲೇರಿಯಾ ಮಾತ್ರೆಯ ಬಗ್ಗೆ ಪ್ರಿಂಟ್ ಹಾಕಿಸಿದ ಚೀಟಿ ಕೊಡುತ್ತಿದ್ದಾರೆ. ಅದರಲ್ಲಿರೋದು ತಪ್ಪು. ಅದರಿಂದ ನನ್ನ ತಮ್ಮ ಎರಡನೇ ಸಲ ಚಳಿಜ್ವರದಲ್ಲಿ ಮಲಗಿದ. ಇವತ್ತೂ ಕೋಪ ಇಳಿದಿಲ್ಲ.

ತಮ್ಮ ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅಲ್ಲಿ ಮಲೇರಿಯಾ ಹೊಸದೇನಲ್ಲ. ರಕ್ತ ಪರೀಕ್ಷೆಯಲ್ಲಿ ವೈವಾಕ್ಸ್ ಅಂತ ಬಂತು, ಅದು ಮಲೇರಿಯಾದ ಒಂದು ಜಾತಿ. ಕ್ಲೋರೋಕ್ವಿನ್ ಮಾತ್ರೆ ಅಲ್ಲೇ ನುಂಗಿ ಮುಗಿಸಿ ಊರಿಗೆ ಬಂದ. ಪ್ರೈಮಾಕ್ವಿನ್ ಅನ್ನೋ ಇನ್ನೊಂದು ಮಾತ್ರೆ ಬಾಕಿ ಇತ್ತು. ಡಾಕ್ಟರ್ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು: ದಿನಕ್ಕೆ 15 ಮಿಲಿಗ್ರಾಂ, 14 ದಿನ.

ಅಂಗಡಿಯವನು ಅದನ್ನು ನೋಡಿ ನಕ್ಕ. "14 ದಿನ ಯಾಕೆ ಸಾರ್? ಇದು ಒಂದೇ ಡೋಸ್." ಡ್ರಾಯರ್‌ನಿಂದ ಆ ಪ್ರಿಂಟ್ ಚೀಟಿ ತೆಗೆದು ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದ. ಪ್ರೈಮಾಕ್ವಿನ್, 45 ಮಿಲಿಗ್ರಾಂ, ಒಂದು ಸಲ. ಕತ್ತರಿ ತಗೊಂಡು ಸ್ಟ್ರಿಪ್ ಕತ್ತರಿಸಿ ಏಳೂವರೆ ಮಿಲಿಗ್ರಾಂನ ಆರು ಮಾತ್ರೆ ಕವರಿಗೆ ಹಾಕಿದ. "ಅಲ್ಲೆಲ್ಲಾ ಜಾಸ್ತಿ ಬರೀತಾರೆ, ಬಿಡಿ." ಅವನ ಹತ್ತಿರ ಇದ್ದಿದ್ದೇ ಅಷ್ಟು ಮಾತ್ರೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ!

ಕೆಲವು ತಿಂಗಳು ತಮ್ಮ ಚೆನ್ನಾಗೇ ಇದ್ದ. ಆಮೇಲೆ ಅದೇ ನಡುಕ, ಅದೇ ಬೆವರು. ಮತ್ತೆ ವೈವಾಕ್ಸ್.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಎರಡೂ ಚೀಟಿ ಪಕ್ಕಪಕ್ಕ ಇಟ್ಟರು. "ಈ 45 ಇದೆಯಲ್ಲ, ಇದು ಫಾಲ್ಸಿಪಾರಂ ಅನ್ನೋ ಇನ್ನೊಂದು ಜಾತಿಯ ಮಲೇರಿಯಾಗೆ. ನಿಮ್ಮವರಿಗೆ ಇದ್ದಿದ್ದು ವೈವಾಕ್ಸ್." ಅಲ್ಲೇ ಮೈಯೆಲ್ಲಾ ಉರಿಯಿತು. ಆ ಪ್ರಿಂಟ್ ಚೀಟಿಯಲ್ಲಿ ಬರೀ 'ಮಲೇರಿಯಾ' ಅಂತ ಇದೆ. ಯಾವ ಮಲೇರಿಯಾ ಅಂತ ಇಲ್ಲ! ವೈವಾಕ್ಸ್ ಲಿವರ್‌ನಲ್ಲಿ ಅಡಗಿ ಕೂರುತ್ತೆ. ಕ್ಲೋರೋಕ್ವಿನ್ ರಕ್ತದಲ್ಲಿರೋದನ್ನಷ್ಟೇ ಕೊಲ್ಲುತ್ತೆ. ಒಳಗಿರೋದನ್ನು ತೆಗೆಯೋಕೇ ಆ 14 ದಿನದ ಪ್ರೈಮಾಕ್ವಿನ್.

ಆ ಪ್ರಿಂಟ್ ಚೀಟಿಯ ಇನ್ನೊಂದು ಸಾಲಿನಲ್ಲಿ ಕ್ಲೋರೋಕ್ವಿನ್ 600 ಅಂತ ಮಾತ್ರ ಇತ್ತು. ಅದು ಬೇಸ್ ಲೆಕ್ಕ ಅಂತೆ, ಅಂದರೆ ಮಾತ್ರೆಯಲ್ಲಿರೋ ಅಸಲಿ ಔಷಧಿಯ ತೂಕ. ಸ್ಟ್ರಿಪ್ ಮೇಲೆ 250 ಅಂತ ಇದ್ದರೆ ಬೇಸ್ 150 ಮಾತ್ರ, ಅಂದರೆ 600ಕ್ಕೆ ನಾಲ್ಕು ಮಾತ್ರೆ. 250ರಿಂದ ಭಾಗಿಸಿ ಎರಡೂವರೆ ನುಂಗಿದವನ ಗತಿ ಏನು? ರಕ್ತಕಣ ಕಾಯೋ ಜಿಸಿಕ್ಸ್‌ಪಿಡಿ ಅನ್ನೋ ಕಿಣ್ವದ ಕೊರತೆ ಹುಟ್ಟಿನಿಂದ ಇದ್ದವರಿಗೆ ಪ್ರೈಮಾಕ್ವಿನ್‌ನಿಂದ ರಕ್ತಕಣ ಒಡೆದು ಮೂತ್ರ ಕಪ್ಪಾಗಬಹುದು, ಗರ್ಭಿಣಿಯರಿಗೆ ಕೊಡಲೇಬಾರದು. ಇದರ ಬಗ್ಗೆ ಒಂದಕ್ಷರ ಇಲ್ಲ.

ಅಂಗಡಿಗೆ ಹೋಗಿ ಕೇಳಿದೆ. "ನಾವು ಬರೆದಿದ್ದಲ್ಲ ಸಾರ್, ಪ್ರಿಂಟ್ ಆಗಿ ಬಂದಿದ್ದು." ಕೊಟ್ಟವನು ನೀನೇ ಅಲ್ವಾ ಅಂದೆ. "ಒಂದು ಹೆಡ್ಡಿಂಗ್ ಬಿಟ್ಟೋಗಿದೆ, ಅಷ್ಟೇ." ಅಷ್ಟೇ ಅಂತೆ! ಆಮೇಲೆ "ಮತ್ತೆ ಮಂಗಳೂರಿಗೆ ಹೋಗಿರ್ತಾರೆ, ಸೊಳ್ಳೆ ಕಚ್ಚಿರುತ್ತೆ." ನನ್ನ ತಮ್ಮ ಮಂಡ್ಯ ಬಿಟ್ಟು ಹೋಗಿರಲಿಲ್ಲ. ಅಲ್ಲಿದ್ದ ಗಿರಾಕಿಗಳು ನನ್ನನ್ನೇ ಜಗಳಗಂಟನ ಥರ ನೋಡಿದರು. ಕೊನೆಗೆ "ಆವಾಗ ಜ್ವರ ಬಿಟ್ಟಿತ್ತು ತಾನೇ?" ಅಂದು ಬೇರೆಯವರ ಬಿಲ್ ಮಾಡೋಕೆ ಶುರು ಮಾಡಿದ. ಆ ಚೀಟಿಗಳ ಕಟ್ಟು ಇನ್ನೂ ಡ್ರಾಯರ್‌ನಲ್ಲೇ ಇತ್ತು.

ಡಾಕ್ಟರ್ ಬರೆದಿದ್ದನ್ನು ಅಂಗಡಿಯವನು ಬದಲಾಯಿಸಿದರೆ ಕವರ್ ಅಲ್ಲೇ ಬಿಟ್ಟು ಎದ್ದು ಬನ್ನಿ. ರಿಪೋರ್ಟ್‌ನಲ್ಲಿ ವೈವಾಕ್ಸೋ ಫಾಲ್ಸಿಪಾರಮ್ಮೋ ನೋಡಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ದುಡ್ಡಿಲ್ಲದೆ ಸಿಗುತ್ತೆ. ಸ್ಟಾಕ್ ಇಲ್ಲದಿದ್ದರೆ ಇಲ್ಲ ಅನ್ನೋಕೆ ಇವರಿಗೇನು ರೋಗ?